ಹೊಲದ ಹಸಿ, ಆಕಾಶದ ಲೆಕ್ಕ: ಪುಣೆಗೂ ಬೇರಂಬಾಡಿಗೂ ಇರುವ ನಂಟು

ಪುಣೆಯಲ್ಲಿ ನೆಲೆಸಿರುವ ವಿಜಯಪುರ, ಕಲಬುರಗಿ, ಬಾಗಲಕೋಟೆ ಕಡೆಯ ಕನ್ನಡಿಗರು ಸೆಪ್ಟೆಂಬರ್ ತಿಂಗಳಲ್ಲಿ ಊರಿಗೆ ಫೋನು ಹಚ್ಚಿದರೆ ಮೊದಲು ಕೇಳುವ ಪ್ರಶ್ನೆ "ಮಳಿ ಆತೇನು?" ಎಂದು. ಎರಡನೆಯ ಪ್ರಶ್ನೆ "ಹಸಿ ಎಷ್ಟು ಇಳದೈತಿ?" ಎಂದು. ಮಳೆ ಬಂದ ಮಾತ್ರಕ್ಕೆ ಹಿಂಗಾರಿ ಜೋಳ ಬಿತ್ತಲು ಆಗುವುದಿಲ್ಲ ಎಂಬುದು ಎರೆ ಭೂಮಿಯ ರೈತರಿಗೆಲ್ಲ ಗೊತ್ತು. ಹೊಲದಲ್ಲಿ ಒಂದು ಗೇಣು ಅಗೆದು, ಮಣ್ಣನ್ನು ಅಂಗೈಯಲ್ಲಿ ಹಿಡಿದು ಉಂಡೆ ಕಟ್ಟಿ ನೋಡಿ, ಅದು ಅಂಟುತ್ತದೆಯೋ ಉದುರುತ್ತದೆಯೋ ಎಂದು ಪರೀಕ್ಷಿಸಿದ ಮೇಲೆಯೇ ಕೂರಿಗೆ ಹೊರಡುವುದು. ನಾವು ಹದ ಎನ್ನುವುದನ್ನು ನಮ್ಮ ಮರಾಠಿ ನೆರೆಹೊರೆಯವರು ವಾಫಸಾ ಎನ್ನುತ್ತಾರೆ. ಸೋಲಾಪುರ, ಅಕ್ಕಲಕೋಟೆ ಕಡೆಯ ಕನ್ನಡಿಗರ ಬಾಯಲ್ಲಿ ಎರಡೂ ಮಾತುಗಳು ಬರುತ್ತವೆ.

ಈ ಉಂಡೆ ಕಟ್ಟಿ ನೋಡುವ ಕೆಲಸವನ್ನು ಭೂಮಿಯಿಂದ ಏಳುನೂರು ಕಿಲೋಮೀಟರ್ ಮೇಲಿಂದ ಮಾಡುವ ಪ್ರಯತ್ನ ಹಲವು ವರ್ಷಗಳಿಂದ ನಡೆದಿದೆ. 2025ರ ಜುಲೈ 30ರ ಸಂಜೆ ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ-ಎಫ್16 ರಾಕೆಟ್ ಹೊತ್ತೊಯ್ದ 'ನಿಸಾರ್' ಉಪಗ್ರಹದ ಸುದ್ದಿಯನ್ನು ನಮ್ಮ ಓದುಗರು ಓದಿಯೇ ಇರುತ್ತಾರೆ. ಅಮೆರಿಕದ ನಾಸಾ ಮತ್ತು ನಮ್ಮ ಇಸ್ರೋ ಜಂಟಿಯಾಗಿ ಕಟ್ಟಿದ ಈ ಉಪಗ್ರಹದ ಬಗ್ಗೆ ಬಂದ ವರದಿಗಳಲ್ಲಿ ಭೂಕಂಪ, ಹಿಮನದಿ, ಖರ್ಚಾದ ಕೋಟಿಗಳು ಹೆಚ್ಚು ಕಂಡವು. ಮಣ್ಣಿನ ತೇವದ ಮಾತು ಒಂದೆರಡು ಸಾಲಿಗೆ ಮುಗಿದಿತ್ತು. ಆದರೆ ಊರಿನಲ್ಲಿ ಇನ್ನೂ ನಾಲ್ಕಾರು ಎಕರೆ ಹೊಲ ಉಳಿಸಿಕೊಂಡಿರುವ ಪುಣೆ ಕನ್ನಡಿಗರ ಮಟ್ಟಿಗೆ ಮುಖ್ಯವಾದದ್ದು ಆ ಒಂದೆರಡು ಸಾಲೇ. ಅದರಲ್ಲೂ ಈ ಕಥೆಯ ಒಂದು ತುದಿ ನಾವು ದಿನವೂ ಓಡಾಡುವ ಶಿವಾಜಿನಗರ, ಪಾಷಾಣ್‌ಗಳಲ್ಲಿದೆ. ಇನ್ನೊಂದು ತುದಿ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲೂಕಿನಲ್ಲಿದೆ.

ಬಡಿದು ನೋಡುವ ಬಗೆ

ಮೇಲಿಂದ ಫೋಟೋ ತೆಗೆದರೆ ಮಣ್ಣಿನ ತೇವ ತಿಳಿಯುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ತಿಳಿಯುವುದಿಲ್ಲ. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ. ತೇವದ ಲೆಕ್ಕ ಬೇಕಾಗುವುದೂ ಮಳೆಗಾಲದಲ್ಲೇ. ಮೋಡವನ್ನು ದಾಟಿ ಬರುವುದು ಮೈಕ್ರೋವೇವ್ ಎಂಬ ಜಾತಿಯ ರೇಡಿಯೋ ತರಂಗ. ಈ ತರಂಗದ ಪಾಲಿಗೆ ನೀರು ಬಹಳ ವಿಶೇಷ ವಸ್ತು. ವಿದ್ಯುತ್ ಕ್ಷೇತ್ರಕ್ಕೆ ಒಂದು ಪದಾರ್ಥ ಎಷ್ಟು ಸ್ಪಂದಿಸುತ್ತದೆ ಎಂಬುದಕ್ಕೆ ಒಂದು ಅಳತೆ ಇದೆ. ಆ ಅಳತೆಯಲ್ಲಿ ಒಣ ಮಣ್ಣಿಗೆ ಮೂರೋ ನಾಲ್ಕೋ ಅಂಕ ಸಿಕ್ಕರೆ ನೀರಿಗೆ ಸುಮಾರು 80 ಸಿಗುತ್ತದೆ. ಆದ್ದರಿಂದ ಒಣ ಮಣ್ಣಿಗೆ ಸ್ವಲ್ಪ ನೀರು ಸೇರಿದರೂ ಅದರ ಸ್ವಭಾವ ತಟ್ಟನೆ ಬದಲಾಗುತ್ತದೆ.

ಇದನ್ನು ತಿಳಿಯಲು ಎರಡು ದಾರಿಗಳಿವೆ. ಒಂದು, ಸುಮ್ಮನೆ ಕಿವಿಗೊಟ್ಟು ಕೇಳುವುದು. ಬೆಚ್ಚಗಿರುವ ಎಲ್ಲ ವಸ್ತುಗಳಂತೆ ಭೂಮಿಯೂ ಸಣ್ಣ ಪ್ರಮಾಣದ ರೇಡಿಯೋ ತರಂಗ ಹೊರಸೂಸುತ್ತಿರುತ್ತದೆ. ಒಣ ಮಣ್ಣು ಹೆಚ್ಚು ಸೂಸುತ್ತದೆ, ಒದ್ದೆ ಮಣ್ಣು ಕಡಿಮೆ. ಇನ್ನೊಂದು ರಾಡಾರ್ ದಾರಿ. ಇದರಲ್ಲಿ ಉಪಗ್ರಹವೇ ತರಂಗ ಕಳುಹಿಸಿ, ನೆಲಕ್ಕೆ ತಾಗಿ ಮರಳಿ ಬರುವ ದನಿಯನ್ನು ಅಳೆಯುತ್ತದೆ. ಹಲಸಿನ ಹಣ್ಣನ್ನು ಬೆರಳಿನಿಂದ ಬಡಿದು ಒಳಗೆ ಬಲಿತಿದೆಯೇ ಎಂದು ತಿಳಿಯುವ ನಮ್ಮ ಕರಾವಳಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣ್ಣು ಬಡಿಯುವವರಿಗೆ ಇರುವ ತೊಡಕೇ ಇಲ್ಲೂ ಇದೆ. ಹೊಸದಾಗಿ ನೇಗಿಲು ಹೊಡೆದ ಹೆಂಟೆ ಹೊಲ ಒಂದು ದನಿ ಕೊಡುತ್ತದೆ, ಕುಂಟೆ ಹೊಡೆದು ಸಮ ಮಾಡಿದ ಹೊಲ ಇನ್ನೊಂದು ದನಿ ಕೊಡುತ್ತದೆ. ಮೇಲೆ ಬೆಳೆ ನಿಂತಿದ್ದರೆ ಎಲೆಯೊಳಗಿನ ನೀರೂ ಲೆಕ್ಕಕ್ಕೆ ಸೇರಿಬಿಡುತ್ತದೆ. ತೇವ ಯಾವುದು, ಹೆಂಟೆ ಯಾವುದು, ಎಲೆ ಯಾವುದು ಎಂದು ಬೇರ್ಪಡಿಸುವುದೇ ವಿಜ್ಞಾನಿಗಳ ಪಾಲಿಗೆ ದೊಡ್ಡ ಕೆಲಸ.

ಈ ವಿದ್ಯೆಗೆ ನಮ್ಮವರ ನಂಟು ಹಳೆಯದು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್ ಅವರ ಮುಂದಾಳ್ತನದಲ್ಲಿ ಬೆಂಗಳೂರಿನಲ್ಲಿ ತಯಾರಾದ 'ಭಾಸ್ಕರ-1' 1979ರ ಜೂನ್ 7ರಂದು ಸೋವಿಯತ್ ನೆಲದಿಂದ ಹಾರಿತು. ಅದರಲ್ಲಿ 'ಸಮೀರ್' ಎಂಬ ಮೈಕ್ರೋವೇವ್ ಉಪಕರಣ ಇತ್ತು. ಅದು ಮುಖ್ಯವಾಗಿ ಸಮುದ್ರವನ್ನೂ ಗಾಳಿಯಲ್ಲಿನ ತೇವವನ್ನೂ ನೋಡಲು ಇಟ್ಟದ್ದು. ಆದರೂ ಭೂಮಿಯನ್ನು ಮೈಕ್ರೋವೇವ್ ಕಿವಿಯಿಂದ ಆಲಿಸಿದ ನಮ್ಮ ಮೊದಲ ಉಪಗ್ರಹ ಅದೇ. ಈಗ ರಾವ್ ಅವರ ಹೆಸರನ್ನೇ ಹೊತ್ತಿರುವ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ನಿಸಾರ್‌ನ ಜೋಡಣೆ ನಡೆಯಿತು.

ಖೋಡದ್‌ನ ತಲೆಕೆಳಗಾದ ರೂಪ

ನಾಸಿಕ್ ರಸ್ತೆಯಲ್ಲಿ ಪುಣೆಯಿಂದ ಸುಮಾರು 80 ಕಿಲೋಮೀಟರ್ ಹೋದರೆ ನಾರಾಯಣಗಾಂವ್ ಸಿಗುತ್ತದೆ. ಅಲ್ಲಿಂದ ಒಳಗೆ ಖೋಡದ್ ಎಂಬ ಹಳ್ಳಿ. ಪ್ರೊ. ಗೋವಿಂದ ಸ್ವರೂಪ್ ಅವರು ಕಟ್ಟಿಸಿದ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಇರುವುದು ಇಲ್ಲೇ. ತಲಾ 45 ಮೀಟರ್ ಅಗಲದ 30 ಆಂಟೆನಾಗಳಲ್ಲಿ 14 ಒಂದೆಡೆ ಗುಂಪಾಗಿವೆ, ಉಳಿದ 16 ಇಂಗ್ಲಿಷಿನ 'ವೈ' ಅಕ್ಷರದ ಹಾಗೆ ಮೂರು ಕವಲಾಗಿ ಹರಡಿವೆ. ಈ ಎಲ್ಲ ಬೋಗುಣಿಗಳಿಗೆ ಬಿದ್ದ ದನಿಯನ್ನು ಲೆಕ್ಕ ಹಾಕಿ ಜೋಡಿಸಿದರೆ ಹತ್ತಾರು ಕಿಲೋಮೀಟರ್ ಅಗಲದ ಒಂದೇ ಬೋಗುಣಿಯಿಂದ ನೋಡಿದಷ್ಟು ಸೂಕ್ಷ್ಮವಾಗಿ ಆಕಾಶ ಕಾಣುತ್ತದೆ. ಆಕಾಶದ ಹೈಡ್ರೋಜನ್ ಅನಿಲ ಸೂಸುವ 21 ಸೆಂಟಿಮೀಟರ್ ಉದ್ದದ ತರಂಗವನ್ನು ಹಿಡಿಯುವುದು ಅದರ ಮುಖ್ಯ ಗುರಿಗಳಲ್ಲಿ ಒಂದು.

ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2009ರ ನವೆಂಬರ್ 2ರಂದು ಹಾರಿಸಿದ 'ಸ್ಮಾಸ್' ಉಪಗ್ರಹದ ಚಿತ್ರ ನೋಡಿದರೆ ಖೋಡದ್ ನೆನಪಾಗದೆ ಇರದು. ಅದಕ್ಕೂ 'ವೈ' ಆಕಾರದ ಮೂರು ತೋಳುಗಳು, ಅವುಗಳ ಉದ್ದಕ್ಕೂ ಒಟ್ಟು 69 ಪುಟ್ಟ ಆಂಟೆನಾಗಳು. ಕೇಳುವುದೂ ಅದೇ 21 ಸೆಂಟಿಮೀಟರ್ ತರಂಗವನ್ನು. ವ್ಯತ್ಯಾಸ ಇಷ್ಟೇ, ಖೋಡದ್ ಮೇಲೆ ನೋಡುತ್ತದೆ, ಸ್ಮಾಸ್ ಕೆಳಗೆ ನೋಡುತ್ತದೆ. ಮಣ್ಣಿನ ತೇವಕ್ಕೆಂದೇ ಹಾರಿದ ಮೊದಲ ಉಪಗ್ರಹ ಇದು. ಮೂರು ವರ್ಷದ ಬಾಳಿಕೆಗೆಂದು ಕಳುಹಿಸಿದ್ದು ಹದಿನೈದು ವರ್ಷ ದಾಟಿತು.

ಎರಡೂ ಒಂದೇ ತರಂಗವನ್ನು ಬಳಸುವುದಕ್ಕೆ ಕಾರಣವಿದೆ. ಖಗೋಳ ವಿಜ್ಞಾನಿಗಳಿಗಾಗಿ 1400ರಿಂದ 1427 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ಆ ಮೌನದಲ್ಲಿ ಮಣ್ಣಿನ ಪಿಸುಮಾತೂ ಕೇಳಿಸುತ್ತದೆ. ಜೊತೆಗೆ ಈ ತರಂಗ ಸಾಧಾರಣ ಬೆಳೆಯ ಹೊದಿಕೆಯನ್ನು ದಾಟಿ ಬರುತ್ತದೆ. ನಿಯಮ ಇದ್ದರೂ ಸ್ಮಾಸ್ ಮೇಲೇರಿದ ಕೂಡಲೇ ಯುರೋಪು, ಏಷ್ಯಾಗಳ ನೂರಾರು ಕಡೆಗಳಿಂದ ಕಾನೂನುಬಾಹಿರ ಪ್ರಸಾರಗಳು ಕಿವಿಗೆ ರಾಚಿದವು. ದೇಶದಿಂದ ದೇಶಕ್ಕೆ ಪತ್ರ ಬರೆದು ಒಂದೊಂದನ್ನೇ ನಿಲ್ಲಿಸಬೇಕಾಯಿತು.

2015ರ ಜನವರಿ 31ರಂದು ನಾಸಾ 'ಸ್ಮ್ಯಾಪ್' ಕಳುಹಿಸಿತು. ಆರು ಮೀಟರ್ ಅಗಲದ ಬಲೆಯ ಬೋಗುಣಿ ಗಿರಗಿರನೆ ತಿರುಗುತ್ತ ಎರಡು ಮೂರು ದಿನಕ್ಕೊಮ್ಮೆ ಇಡೀ ಭೂಮಿಯನ್ನು ನೋಡುವ ಏರ್ಪಾಡು. ಕೇಳುವ ಕಿವಿ, ಬಡಿದು ನೋಡುವ ರಾಡಾರ್ ಎರಡೂ ಅದರಲ್ಲಿದ್ದವು. ರಾಡಾರ್ ಮೂರು ತಿಂಗಳೂ ಪೂರ್ತಿ ನಡೆಯಲಿಲ್ಲ, ಜುಲೈ 7ಕ್ಕೆ ಕೆಟ್ಟು ನಿಂತಿತು. ಕಿವಿ ಮಾತ್ರ ಹತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದೆ.

ರಾಡಾರ್ ಹೋದದ್ದರ ನಷ್ಟ ಏನೆಂದು ಪುಣೆಯವರಿಗೆ ಸುಲಭವಾಗಿ ಹೇಳಬಹುದು. ಕೇಳುವ ಉಪಗ್ರಹಕ್ಕೆ ಕಾಣುವ ಅತಿ ಸಣ್ಣ ತುಂಡು ಎಂದರೆ ಸುಮಾರು 40 ಕಿಲೋಮೀಟರ್ ಉದ್ದಗಲದ ಚೌಕ. ಶಿವಾಜಿನಗರವನ್ನು ನಡುವಿಗಿಟ್ಟು ಅಂಥ ಚೌಕ ಎಳೆದರೆ ಅದರೊಳಗೆ ಪಿಂಪ್ರಿ-ಚಿಂಚವಡದ ಕಾರ್ಖಾನೆ, ಹಡಪಸರದ ಕಟ್ಟಡ, ಖಡಕವಾಸಲಾದ ಹಿನ್ನೀರು, ಆಳಂದಿಯ ಹೊಲ ಎಲ್ಲವೂ ಬಂತು. ಸುಮಾರು ನಾಲ್ಕು ಲಕ್ಷ ಎಕರೆಗೆ ಒಂದೇ ಅಂಕಿ! ದೇಶದ ಮುಂಗಾರು ಲೆಕ್ಕಕ್ಕೆ ಅದು ಸಾಕು. ಇಂಡಿ ತಾಲೂಕಿನ ಆರು ಎಕರೆ ರೈತನಿಗೆ ಅದರಿಂದ ಏನೂ ಆಗುವುದಿಲ್ಲ.

ನಿಸಾರ್ ಮೇಲೆ ಜನ ಆಸೆಯಿಟ್ಟಿರುವುದು ಇದಕ್ಕಾಗಿಯೇ. 12 ಮೀಟರ್ ಅಗಲದ ಬಲೆಯ ಬೋಗುಣಿ, ಒಂದರ ಬದಲು ಎರಡು ರಾಡಾರ್: ನಾಸಾದ ಎಲ್-ಬ್ಯಾಂಡ್, ಅಹಮದಾಬಾದಿನ ಇಸ್ರೋ ಕೇಂದ್ರದ ಎಸ್-ಬ್ಯಾಂಡ್. 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತದೆ. ಮಣ್ಣಿನ ತೇವವನ್ನು 200 ಮೀಟರ್ ಚೌಕಕ್ಕೊಂದರಂತೆ, ಎಂದರೆ ಹತ್ತು ಎಕರೆಗೊಂದು ಅಂಕಿಯಂತೆ ಕೊಡುವುದು ನಾಸಾದ ಗುರಿ. ನಾಲ್ಕು ಲಕ್ಷ ಎಕರೆಯಿಂದ ಹತ್ತು ಎಕರೆಗೆ ಇಳಿಯುವುದು ಸಣ್ಣ ಮಾತಲ್ಲ. ಹಾರುವ ಮುನ್ನವೇ ಇದು ಪಡಬೇಕಾದ ಪಾಡು ಪಟ್ಟಿತು. 2023ರ ಮಾರ್ಚ್‌ನಲ್ಲಿ ರಾಡಾರ್‌ಗಳು ವಿಮಾನದಲ್ಲಿ ಬೆಂಗಳೂರಿಗೆ ಬಂದ ಮೇಲೆ ಬೋಗುಣಿ ಬಿಸಿಲಿಗೆ ಅತಿಯಾಗಿ ಕಾಯಬಹುದೆಂದು ತಿಳಿದು ಅದನ್ನು ಮತ್ತೆ ಕ್ಯಾಲಿಫೋರ್ನಿಯಾಕ್ಕೆ ಕಳುಹಿಸಿ ಲೇಪನ ಮಾಡಿಸಿ ತರಬೇಕಾಯಿತು.

ಅರಿಸಿನದ ಹೊಲದಲ್ಲಿ ಪರೀಕ್ಷೆ

ಉಪಗ್ರಹ ಹೇಳಿದ ಅಂಕಿ ನಿಜವೇ ಎಂದು ನೋಡುವವರು ಯಾರು? ಯಾರಾದರೂ ಹೊಲದಲ್ಲಿ ನಿಂತು ಅಳೆಯಲೇಬೇಕು. ಭಾರತದಲ್ಲಿ ಈ ಕೆಲಸ ಬಹಳ ಶ್ರದ್ಧೆಯಿಂದ ನಡೆದಿರುವ ಒಂದು ಜಾಗ ಕನ್ನಡ ನಾಡಿನಲ್ಲಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಅದು ಗುಂಡ್ಲುಪೇಟೆ ತಾಲೂಕಿನ ಬೇರಂಬಾಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಮುದ್ದು ಶೇಖರ್ ಅವರ ತಂಡ ಫ್ರಾನ್ಸಿನ ವಿಜ್ಞಾನಿಗಳ ಜೊತೆಗೂಡಿ ಇಲ್ಲಿನ 84 ಚದರ ಕಿಲೋಮೀಟರ್ ಜಲಾನಯನ ಪ್ರದೇಶವನ್ನು ವರ್ಷಗಟ್ಟಲೆ ಅಳೆಯುತ್ತ ಬಂದಿದೆ. ಅರಿಸಿನ, ಸೂರ್ಯಕಾಂತಿ, ಚೆಂಡುಹೂವು ಬೆಳೆಯುವ ಸಣ್ಣ ಸಣ್ಣ ಹಿಡುವಳಿಗಳು. ಕೆಂಪು ಮಣ್ಣಿನ ಪಕ್ಕದಲ್ಲೇ ಕಪ್ಪು ಮಣ್ಣು, ಮಳೆಯಾಶ್ರಿತ ಹೊಲದ ಪಕ್ಕದಲ್ಲೇ ಕೊಳವೆಬಾವಿಯ ಹೊಲ. ಉಪಗ್ರಹವನ್ನು ಪೇಚಿಗೆ ಸಿಕ್ಕಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಉಪಗ್ರಹ ಹಾಯುವ ದಿನ ಹತ್ತಾರು ಹೊಲಗಳಿಗೆ ಹೋಗಿ ಮೇಲ್ಮಣ್ಣಿಗೆ ಕಡ್ಡಿಯಂಥ ಉಪಕರಣ ಚುಚ್ಚಿ ತೇವ ಬರೆದುಕೊಳ್ಳುತ್ತಾರೆ. ಮಣ್ಣಿನ ಮಾದರಿ ತಂದು ತೂಗಿ, 105 ಡಿಗ್ರಿ ಶಾಖದ ಒಲೆಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗುತ್ತಾರೆ. ಕಳೆದುಹೋದ ತೂಕವೇ ನೀರು. ಎಲ್ಲ ಉಪಗ್ರಹಗಳೂ ಕಡೆಗೆ ತಲೆಬಾಗುವುದು ಈ ತಕ್ಕಡಿಗೇ. 2012ರಲ್ಲಿ ಹಾರಿದ ನಮ್ಮ ರಿಸ್ಯಾಟ್-1ರಿಂದ ಹಿಡಿದು ಸ್ಮಾಸ್, ಸ್ಮ್ಯಾಪ್‌ವರೆಗೆ ಅನೇಕ ಉಪಗ್ರಹಗಳ ಲೆಕ್ಕವನ್ನು ಬೇರಂಬಾಡಿಯ ಮಣ್ಣಿನ ಜೊತೆ ತಾಳೆ ನೋಡಲಾಗಿದೆ. ಸ್ಮ್ಯಾಪ್‌ನ ಒಂದು ಚೌಕದಲ್ಲಿ ಇಂಥ ಹದಿನೈದು ಬೇರಂಬಾಡಿಗಳು ಹಿಡಿಸುತ್ತವೆ ಎಂದರೆ ತಾಳೆ ನೋಡುವ ಕಷ್ಟ ಊಹಿಸಬಹುದು.

ಶಿಮ್ಲಾ ಆಫೀಸಿನಿಂದ ಪಾಷಾಣ್‌ವರೆಗೆ

ಇನ್ನು ಪುಣೆಯ ತುದಿ. ಶಿವಾಜಿನಗರದ 'ಶಿಮ್ಲಾ ಆಫೀಸ್' ಬಸ್‌ಸ್ಟಾಪ್ ಹೆಸರು ಕೇಳಿ ಹೊಸಬರು ತಬ್ಬಿಬ್ಬಾಗುವುದುಂಟು. 1928ರಲ್ಲಿ ಹವಾಮಾನ ಇಲಾಖೆಯ ಪ್ರಧಾನ ಕಚೇರಿ ಶಿಮ್ಲಾದಿಂದ ಇಲ್ಲಿಗೆ ಬಂದದ್ದರಿಂದ ಆ ಹೆಸರು. 1932ರಲ್ಲಿ ಇಲಾಖೆಯ ಕೃಷಿ ಹವಾಮಾನ ವಿಭಾಗ ಶುರುವಾದದ್ದೂ ಪುಣೆಯಲ್ಲೇ. ಅದರ ಮೊದಲ ಹಿರಿಯರು ಡಾ. ಎಲ್. ಎ. ರಾಮದಾಸ್. ರಾತ್ರಿಯ ಹೊತ್ತು ನೆಲಕ್ಕಿಂತ ನೆಲದ ಮೇಲಣ ಗೇಣುದ್ದದ ಗಾಳಿಯೇ ಹೆಚ್ಚು ತಣ್ಣಗಿರುತ್ತದೆ ಎಂದು ಅವರು ಅದೇ ವರ್ಷ ಪ್ರಕಟಿಸಿದಾಗ ನಂಬಿದವರು ಕಡಿಮೆ. ಆ ಪದರಕ್ಕೆ ಈಗ ಅವರ ಹೆಸರೇ ಇದೆ. ಅದು ಹೀಗೇಕೆ ಎಂಬುದಕ್ಕೆ ಅರವತ್ತು ವರ್ಷಗಳ ನಂತರ ಸಿದ್ಧಾಂತ ಮಂಡಿಸಿದವರಲ್ಲಿ ಬೆಂಗಳೂರಿನ ಪ್ರೊ. ರೊದ್ದಂ ನರಸಿಂಹ ಒಬ್ಬರು. ವಿಷಯ ಸ್ವಲ್ಪ ಪಕ್ಕಕ್ಕೆ ಹೋಯಿತು, ಆದರೆ ಮಣ್ಣಿನ ಹತ್ತಿರ ಮೊಣಕಾಲೂರಿ ಅಳೆಯುವ ಪರಿಪಾಠ ಪುಣೆಗೆ ಹೊಸದಲ್ಲ ಎಂದು ಹೇಳಲು ಈ ಮಾತು ಬಂತು.

ಪಾಷಾಣ್ ರಸ್ತೆಯಲ್ಲಿ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ, ಎಂದರೆ ಐಐಟಿಎಂ ಇದೆ. ಅದರ ಆವರಣದಲ್ಲಿ 2017ರಲ್ಲಿ ಒಂದು ವಿಚಿತ್ರ ಉಪಕರಣ ನಿಂತಿತು. ಅಂತರಿಕ್ಷದಿಂದ ಸದಾ ಸುರಿಯುವ ಕಾಸ್ಮಿಕ್ ಕಿರಣಗಳು ಗಾಳಿಗೂ ಮಣ್ಣಿಗೂ ಬಡಿದು ನ್ಯೂಟ್ರಾನ್ ಎಂಬ ಕಣಗಳನ್ನು ಎಬ್ಬಿಸುತ್ತವೆ. ನೀರಿನಲ್ಲಿರುವ ಹೈಡ್ರೋಜನ್ ಈ ಕಣಗಳ ವೇಗವನ್ನು ಕುಗ್ಗಿಸುತ್ತದೆ. ಆದ್ದರಿಂದ ಮಣ್ಣು ಒದ್ದೆಯಾದಷ್ಟೂ ಮೇಲಕ್ಕೆ ಬರುವ ವೇಗದ ನ್ಯೂಟ್ರಾನ್‌ಗಳು ಕಡಿಮೆ. ಕಂಬದ ಮೇಲಿನ ಪೆಟ್ಟಿಗೆ ಅವನ್ನು ಸುಮ್ಮನೆ ಎಣಿಸುತ್ತ ಕೂರುತ್ತದೆ. ಸುತ್ತಲಿನ ನೂರಾರು ಮೀಟರ್ ನೆಲದ ಸರಾಸರಿ ತೇವ ಹತ್ತಾರು ಸೆಂಟಿಮೀಟರ್ ಆಳದವರೆಗೂ ತಿಳಿಯುತ್ತದೆ, ಎಲ್ಲೂ ಅಗೆಯಬೇಕಾಗಿಲ್ಲ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಮಾರೆಕ್ ಜ್ರೆಡಾ 2008ರಲ್ಲಿ ತೋರಿಸಿಕೊಟ್ಟ ವಿಧಾನ ಇದು. ಇಂಥವೇ ಪೆಟ್ಟಿಗೆಗಳು ಬೇರಂಬಾಡಿ, ಮಾದಹಳ್ಳಿ, ಧಾರವಾಡಗಳಲ್ಲೂ ನಿಂತು, ಎಲ್ಲ ಸೇರಿ ಭಾರತದ ಒಂದು ಜಾಲವಾಯಿತು. ಸ್ಮಾಸ್, ಸ್ಮ್ಯಾಪ್ ಹೇಳಿದ್ದನ್ನು ಈ ಜಾಲದ ಅಂಕಿಗಳ ಜೊತೆ ಹೋಲಿಸಿ ನೋಡಿದ್ದಾರೆ. ಹಾಗಾಗಿ ಪಾಷಾಣ್ ಮತ್ತು ಗುಂಡ್ಲುಪೇಟೆ ಒಂದೇ ಲೆಕ್ಕದ ಪುಸ್ತಕದಲ್ಲಿ ಬರುತ್ತವೆ.

ಮೇಲಿನ ನಾಲ್ಕು ಬೆರಳು

ಇಷ್ಟೆಲ್ಲ ಆದರೂ ಊರಿನ ರೈತ ಕೇಳುವ ಪ್ರಶ್ನೆಗೆ ಉಪಗ್ರಹದ ಬಳಿ ಪೂರ್ತಿ ಉತ್ತರವಿಲ್ಲ. ಎಲ್-ಬ್ಯಾಂಡ್ ತರಂಗಕ್ಕೆ ಕಾಣುವುದು ಮೇಲಿನ ಸುಮಾರು ಐದು ಸೆಂಟಿಮೀಟರ್ ಮಣ್ಣು ಮಾತ್ರ, ಎಂದರೆ ಎರಡೇ ಅಂಗುಲ. ಹಿಂಗಾರಿ ಜೋಳದ ಬೇರು ಒಂದು ಮೀಟರಿಗೂ ಕೆಳಗೆ ಹೋಗುತ್ತದೆ. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಆರಿಸಿ ಬೆಳೆಸಿದ ಮಾಲದಂಡಿ ಜೋಳ ವಿಜಯಪುರದವರೆಗೂ ಮನೆಮಾತಾದದ್ದು ಅದರ ರೊಟ್ಟಿಯ ರುಚಿಗಷ್ಟೇ ಅಲ್ಲ, ಮಳೆ ನಿಂತ ಮೇಲೆ ಎರೆ ಮಣ್ಣಿನ ಆಳದಲ್ಲಿ ಉಳಿದ ಹಸಿಯನ್ನೇ ಕುಡಿದು ಬೆಳೆಯುವ ಗುಣಕ್ಕೆ. ಅಕ್ಟೋಬರ್ ಬಿಸಿಲಿಗೆ ಮೇಲಿನ ಎರಡು ಅಂಗುಲ ಒಣಗಿ ಬಿರುಕು ಬಿಟ್ಟಿದ್ದರೂ ಮೊಳಕೈಯುದ್ದ ಕೆಳಗೆ ಹಸಿ ಇರಬಹುದು. ಹಾಗೆಯೇ ಸಂಜೆಯ ತುಂತುರಿಗೆ ಮೇಲ್ಮೈ ನೆನೆದು ಉಪಗ್ರಹದ ಕಣ್ಣಿಗೆ 'ಒದ್ದೆ' ಎಂದು ಕಂಡರೂ ಕೆಳಗೆ ಬರಡಾಗಿರಬಹುದು. ಇದಕ್ಕಾಗಿ ಮೇಲಿನ ಅಂಕಿಯನ್ನು ಮಳೆ, ಬಿಸಿಲು, ಮಣ್ಣಿನ ಗುಣದ ಜೊತೆ ಕಂಪ್ಯೂಟರಿಗೆ ಕೊಟ್ಟು ಒಂದು ಮೀಟರ್ ಆಳದ ಅಂದಾಜು ಮಾಡುತ್ತಾರೆ. ಅಂದಾಜು ಅಂದಾಜೇ. ಮಣ್ಣಿನ ಗುಣ ತಪ್ಪಾಗಿ ಬರೆದಿದ್ದರೆ ಉತ್ತರವೂ ತಪ್ಪು.

ಈ ಅಂಕಿಯ ಮೇಲೆ ದುಡ್ಡು ನಿಂತಿದೆ ಎಂಬುದನ್ನು ಮರೆಯಬಾರದು. ಕೇಂದ್ರ ಸರಕಾರ 2016ರಲ್ಲಿ ಹೊರಡಿಸಿದ ಬರ ನಿರ್ವಹಣೆಯ ಕೈಪಿಡಿಯಲ್ಲಿ ಬರ ಘೋಷಿಸಲು ಮಳೆಯ ಕೊರತೆಯ ಜೊತೆಗೆ ಬಿತ್ತನೆಯ ಕ್ಷೇತ್ರ, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲದ ಮಟ್ಟ ಇವುಗಳನ್ನೂ ನೋಡಬೇಕೆಂದಿದೆ. ಬೆಳೆಗೆ ದಕ್ಕುವ ತೇವ ಶೇ. 25 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ, ಶೇ. 26ರಿಂದ 50ರವರೆಗೆ ಇದ್ದರೆ ಸಾಧಾರಣ ಎಂದು ವಿಂಗಡಣೆ. ಅದರ ಮೇಲೆ ಶೇ. 10ರಷ್ಟು ಹಳ್ಳಿಗಳಲ್ಲಿ ಹೊಲಕ್ಕೇ ಹೋಗಿ ನೋಡಿ ಬರಬೇಕು. 2023ರ ಮುಂಗಾರು ಕೈಕೊಟ್ಟಾಗ ಕರ್ನಾಟಕ ಸರಕಾರ ಸೆಪ್ಟೆಂಬರ್‌ನಲ್ಲಿ 195 ತಾಲೂಕುಗಳನ್ನು ಬರಪೀಡಿತವೆಂದು ಸಾರಿತು. ನಂತರ ಆ ಸಂಖ್ಯೆ 236ರಲ್ಲಿ 223ಕ್ಕೆ ಏರಿತು. ಪರಿಹಾರದ ಹಣಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 18 ಸಾವಿರ ಕೋಟಿಗೂ ಹೆಚ್ಚು ಕೇಳಿದ್ದಕ್ಕೆ 2024ರ ಏಪ್ರಿಲ್‌ನಲ್ಲಿ ಕೇಂದ್ರದಿಂದ ಬಿಡುಗಡೆಯಾದದ್ದು ಸುಮಾರು 3,454 ಕೋಟಿ ರೂಪಾಯಿ. ಆ ಜಗಳದಲ್ಲಿ ಯಾರದು ಸರಿ ಎಂಬುದು ಈ ಲೇಖನದ ವಿಷಯವಲ್ಲ. ಆದರೆ ಒಂದು ತಾಲೂಕು ಪಟ್ಟಿಯ ಒಳಗೋ ಹೊರಗೋ ಎಂಬುದನ್ನು ಇಂಥ ಅಂಕಿಗಳು ತೀರ್ಮಾನಿಸುವಾಗ ನಾಲ್ಕು ಲಕ್ಷ ಎಕರೆಯ ಸರಾಸರಿಗೂ ಹತ್ತು ಎಕರೆಯ ಲೆಕ್ಕಕ್ಕೂ ಇರುವ ಅಂತರ ಯಾರ ಮನೆಗೆ ತಟ್ಟುತ್ತದೆ ಎಂಬುದು ನಮ್ಮವರಿಗೆ ಗೊತ್ತು. ಅಂಥ ವರ್ಷ ಸಿಂದಗಿ, ಆಳಂದ, ಜೇವರ್ಗಿಯ ಬಸ್ಸುಗಳು ಸ್ವಾರಗೇಟಿಗೆ ತುಂಬಿ ಬರುತ್ತವೆ. ಕಟ್ಟಡದ ಕೆಲಸ ಹುಡುಕಿ ಬಂದವರಿಗೆ ನಮ್ಮ ಸಂಘಗಳ ವಿಳಾಸವೂ ಗೊತ್ತಿರುವುದಿಲ್ಲ.

ನಿಸಾರ್‌ನ ಅಂಕಿಗಳನ್ನು ಇಂಥ ಲೆಕ್ಕಕ್ಕೆ ನೆಚ್ಚುವ ಮುನ್ನ ಅವನ್ನೂ ಬೇರಂಬಾಡಿಯಂಥ ಹೊಲಗಳಲ್ಲಿ ತೂಗಿ ನೋಡಬೇಕು. ಮಳೆಗಾಲ, ಚಳಿಗಾಲ, ಬೇಸಿಗೆ, ಬೆಳೆ ಇರುವಾಗ, ಇಲ್ಲದಿರುವಾಗ, ಕೆಂಪು ಮಣ್ಣು, ಎರೆ ಮಣ್ಣು ಎಲ್ಲದರಲ್ಲೂ. ಎರೆ ಮಣ್ಣಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಗುಂಡ್ಲುಪೇಟೆಯ ಜೊತೆಗೆ ವಿಜಯಪುರ, ಸೋಲಾಪುರಗಳ ನಡುವಿನ ಜೋಳದ ಸೀಮೆಯಲ್ಲೂ ಇಂಥ ನಿತ್ಯದ ಅಳತೆ ನಡೆದರೆ ಚೆನ್ನ ಎಂಬುದು ಈ ಬರಹಗಾರನ ಅನಿಸಿಕೆ.

ಕುತೂಹಲ ಇರುವ ಸದಸ್ಯರು, ವಿಶೇಷವಾಗಿ ಕನ್ನಡ ಶಾಲೆಗಳ ಮೇಷ್ಟ್ರುಗಳು ಮತ್ತು ಮಕ್ಕಳು, ಇದನ್ನೆಲ್ಲ ಕಣ್ಣಾರೆ ನೋಡಬಹುದು. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಸಂದರ್ಭದಲ್ಲಿ ಖೋಡದ್‌ನಲ್ಲೂ, ಮಾರ್ಚ್ 23ರ ವಿಶ್ವ ಹವಾಮಾನ ದಿನದಂದು ಶಿವಾಜಿನಗರದಲ್ಲೂ ಸಾರ್ವಜನಿಕರನ್ನು ಒಳಗೆ ಬಿಡುವ ವಾಡಿಕೆ ಇದೆ. ಆ ವರ್ಷದ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಖೋಡದ್‌ಗೆ ಹೋಗುವವರು ಆಂಟೆನಾಗಳ ಬಳಿ ಮೊಬೈಲ್ ಪೂರ್ತಿ ಬಂದ್ ಮಾಡಬೇಕು. ಯಾಕೆಂದು ಮಕ್ಕಳು ಕೇಳಿದರೆ ಸ್ಮಾಸ್‌ನ ಕಿವಿಗೆ ರಾಚಿದ ಕಳ್ಳ ಪ್ರಸಾರಗಳ ಕಥೆಯನ್ನು ಅಲ್ಲೇ ಹೇಳಬಹುದು.